ಪರ್ಥಿಸ್ ಆಪರೇಷನ್ ಆದಮೇಲೆ ಎಲುಬು ಹೇಗೆ ರೂಪ ಪಡೆಯುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ಮಕ್ಕಳ ಫಿಸಿಯೋಥೆರಪಿ ನನ್ನ ಕೆಲಸ. ಪರ್ಥಿಸ್ ಕಾಯಿಲೆಗೆ ಸೊಂಟದ ಕೀಲಿನ ಆಪರೇಷನ್ ಆದ ಮಕ್ಕಳು ಧಾರವಾಡ, ಗದಗ, ಹಾವೇರಿ ಕಡೆಯಿಂದ ವ್ಯಾಯಾಮಕ್ಕೆ ಬರುತ್ತಾರೆ. ಅವರ ಅವ್ವ-ಅಪ್ಪ, ಅಜ್ಜಿ, ಸೋದರಮಾವ ಎದುರಿಗೆ ಕೂತು, ಫೋನಿನಲ್ಲಿ, ಚೀಟಿ ಬರೆದು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಿಮ್ಮ ಮಗು ಕಾಲಿಗೆ ಯಾವಾಗ ಭಾರ ಹಾಕಬೇಕು, ಪ್ಲೇಟ್ ಯಾವಾಗ ತೆಗೆಸಬೇಕು ಎಂಬುದನ್ನು ಆಪರೇಷನ್ ಮಾಡಿದ ಡಾಕ್ಟರೇ ಹೇಳಬೇಕು. ಅವರು ಹಾಗೆ ಯಾಕೆ ಹೇಳುತ್ತಾರೆ ಎಂಬುದು ತಿಳಿದರೆ, ವರ್ಷಗಟ್ಟಲೆ ಅದನ್ನು ಪಾಲಿಸುವುದು ಸ್ವಲ್ಪ ಹಗುರಾದೀತು.

## ಮೊದಲಿಗೆ ಕೇಳುವವು

ಪರ್ಥಿಸ್ ಅಂದ್ರ ಏನ್ರಿ? ನಮ್ಮ ಹುಡುಗಗ ಯಾಕ ಬಂತು?

ತೊಡೆಎಲುಬಿನ ಮೇಲ್ತುದಿ ದುಂಡಗಿದ್ದು ಸೊಂಟದ ಎಲುಬಿನ ಕುಳಿಯೊಳಗೆ ಕೂತಿರುತ್ತದೆ. ಆಸ್ಪತ್ರೆಯಲ್ಲಿ ಎಲ್ಲರೂ ಅವಕ್ಕೆ ಬಾಲ್, ಕಪ್ ಎನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ. ಪರ್ಥಿಸ್‌ನಲ್ಲಿ ಬಾಲ್‌ಗೆ ಬರುವ ರಕ್ತದ ಹರಿವು ನಿಂತು ಅಲ್ಲಿಯ ಎಲುಬು ಸಾಯುತ್ತದೆ. ಆಮೇಲೆ ದೇಹವೇ ಸತ್ತ ಎಲುಬನ್ನು ಕರಗಿಸಿ ಆ ಜಾಗಕ್ಕೆ ಹೊಸದನ್ನು ತುಂಬುತ್ತದೆ. ಹೆಚ್ಚಾಗಿ 4ರಿಂದ 8 ವರ್ಷದೊಳಗೆ ಶುರುವಾಗುತ್ತದೆ, ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ನಾಲ್ಕೈದು ಪಟ್ಟು ಜಾಸ್ತಿ. 1910ರಲ್ಲಿ ಅಮೆರಿಕದ ಲೆಗ್, ಫ್ರಾನ್ಸಿನ ಕಾಲ್ವೆ, ಜರ್ಮನಿಯ ಪರ್ಥಿಸ್ ಬೇರೆ ಬೇರೆಯಾಗಿ ಇದನ್ನು ವಿವರಿಸಿದರು. ನಮ್ಮ ರಾಜ್ಯದಲ್ಲಿ ಉಡುಪಿ, ದಕ್ಷಿಣ ಕನ್ನಡದ ಕರಾವಳಿಯಲ್ಲಿ ಹೆಚ್ಚು ಕಂಡುಬರುತ್ತದೆ. ಹಾಗಾಗಿ ಇದರ ಬಗ್ಗೆ ಜಗತ್ತು ಓದುವ ಸಂಶೋಧನೆಗಳಲ್ಲಿ ಕೆಲವು ಮಣಿಪಾಲದಲ್ಲಿ ಡಾ. ಬೆಂಜಮಿನ್ ಜೋಸೆಫ್ ಮತ್ತು ಅವರ ಸಂಗಡಿಗರು ಮಾಡಿದವು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವರು 610 ಮಕ್ಕಳ ಕಾಯಿಲೆ ಹೇಗೆ ಸಾಗಿತೆಂದು ನೋಡಿದ್ದರು.

ರಕ್ತ ಯಾಕೆ ನಿಲ್ಲುತ್ತದೆ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಇನ್ನೂ ಖಚಿತ ಉತ್ತರವಿಲ್ಲ. ಇದು ಅಂಟುರೋಗವಲ್ಲ. ಹುಡುಗ ಕಟ್ಟೆಯಿಂದ ಬಿದ್ದದ್ದಕ್ಕೆ ಬಂದದ್ದಲ್ಲ, ಬಸುರಿದ್ದಾಗ ಅವನ ಅವ್ವ ಗ್ರಹಣ ನೋಡಿದ್ದಕ್ಕೂ ಅಲ್ಲ. ಎಷ್ಟೋ ಮನೆಗಳಲ್ಲಿ ತಾಯಿಯ ಮೇಲೆ ಈ ಅಪವಾದ ಬರುವುದನ್ನು ಕಂಡಿದ್ದೇನೆ. ಅದನ್ನು ಇವತ್ತೇ ಬಿಟ್ಟುಬಿಡಿ.

ನೋವು ಮೊಣಕಾಲಾಗ, ಆಪರೇಷನ್ ಸೊಂಟಕ್ಕ. ತಪ್ಪಾಗಿಲ್ಲ ಹೌದಲ್ರಿ?

ತಪ್ಪಾಗಿಲ್ಲ. ಸೊಂಟದ ಕೀಲಿಗೂ ಮೊಣಕಾಲಿಗೂ ಒಂದೇ ನರಗಳ ಕವಲು ಹೋಗುತ್ತವೆ. ಹಾಗಾಗಿ ಮಕ್ಕಳು ಸೊಂಟದ ನೋವನ್ನು ತೊಡೆಯಲ್ಲಿ, ಮೊಣಕಾಲಲ್ಲಿ ತೋರಿಸುತ್ತಾರೆ. ಮೊಣಕಾಲಿನ ಎಕ್ಸ್‌ರೇ ಸರಿಯಿದ್ದೂ ಮಗು ಕುಂಟುತ್ತಿದ್ದರೆ ಸೊಂಟದ ಎಕ್ಸ್‌ರೇ ತೆಗೆಸಲೇಬೇಕು.

ಆಪರೇಷನ್‌ದಾಗ ಬಾಲ್ ಸರಿ ಮಾಡ್ಯಾರಲ್ರಿ, ಮತ್ತ ಯಾಕ ಇಷ್ಟ ವರ್ಷ ಕಾಯಬೇಕು?

ಈ ಒಂದು ವಿಷಯ ಮನಸ್ಸಿಗೆ ಹತ್ತಿದರೆ ಉಳಿದದ್ದೆಲ್ಲ ತಾನೇ ತಿಳಿಯುತ್ತದೆ. ಆಪರೇಷನ್‌ನಲ್ಲಿ ಡಾಕ್ಟರು ಬಾಲನ್ನು ದುಂಡಗೆ ಮಾಡಿಲ್ಲ, ಮುಟ್ಟಿಯೂ ಇಲ್ಲ. ಬಾಲ್‌ನ ಕೆಳಗೆ ತೊಡೆಎಲುಬನ್ನು ಕತ್ತರಿಸಿ, ಸಾಮಾನ್ಯವಾಗಿ 15–20 ಡಿಗ್ರಿ ಒಳಕ್ಕೆ ಓರೆ ಮಾಡಿ, ಪ್ಲೇಟ್, ಸ್ಕ್ರೂ ಹಾಕಿದ್ದಾರೆ. ಕೆಲವು ಮಕ್ಕಳಿಗೆ ಅದರ ಬದಲು ಕಪ್ ಇರುವ ಸೊಂಟದ ಎಲುಬನ್ನೇ ಕತ್ತರಿಸಿ ಬಾಲ್‌ನ ಮೇಲಕ್ಕೆ ತಿರುಗಿಸುತ್ತಾರೆ. ಎರಡರ ಉದ್ದೇಶವೂ ಒಂದೇ: ಹೊರಕ್ಕೆ ಇಣುಕುತ್ತಿದ್ದ ಬಾಲ್ ಪೂರ್ತಿ ಕಪ್‌ನೊಳಗೆ ಕೂರಬೇಕು.

ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಹಸಿ ಮಣ್ಣನ್ನು ನೆನೆಸಿಕೊಳ್ಳಿ. ಹಸಿ ಇರುವಾಗ ಎಲ್ಲಿ ಒತ್ತಿದರೆ ಅಲ್ಲಿ ತಗ್ಗು, ಒಣಗಿದ ಮೇಲೆ ಇದ್ದಂತೆಯೇ ಗಟ್ಟಿ. ಸತ್ತ ಎಲುಬು ಕರಗಿ ಹೊಸದು ಬರುವ ಕಾಲದಲ್ಲಿ ಬಾಲ್ ಹಾಗೆ ಮೆತ್ತಗಿರುತ್ತದೆ. ಆಗ ಅದು ದುಂಡಗಿನ ಕಪ್‌ನೊಳಗೇ ಇದ್ದರೆ ಕಪ್‌ನ ಆಕಾರವನ್ನೇ ಪಡೆಯುತ್ತದೆ. ಕಪ್‌ನ ಅಂಚು ಅದನ್ನು ಒತ್ತುತ್ತಿದ್ದರೆ ಚಪ್ಪಟೆಯಾಗುತ್ತದೆ. ಡಾಕ್ಟರ ಕೆಲಸ ಅದನ್ನು ಸರಿಯಾಗಿ ಕೂರಿಸುವುದು. ದುಂಡಗೆ ಮಾಡುವುದು ಮಗುವಿನ ದೇಹ, ಅದಕ್ಕೆ ಕಾಲ ಬೇಕು.

ಎಂಟು ತಿಂಗಳಾತ್ರಿ. ಎಕ್ಸ್‌ರೇ ಮೊದಲಿಗಿಂತ ಕೆಟ್ಟ ಕಾಣತೈತಿ. ಫೇಲ್ ಆತೇನ್ರಿ?

ಈ ಪ್ರಶ್ನೆ ಕೇಳುವಾಗ ಅಳದ ತಾಯಂದಿರು ಕಡಿಮೆ. ಹಳೆಯ ಎಕ್ಸ್‌ರೇಯನ್ನೂ ಹೊಸದನ್ನೂ ಕಿಟಕಿಯ ಬೆಳಕಿಗೆ ಹಿಡಿದರೆ ಹಳೆಯದರಲ್ಲಿ ಬಾಲ್ ಬೆಳ್ಳಗೆ, ಒಂದೇ ತುಂಡಾಗಿ ಕಾಣುತ್ತದೆ. ಹೊಸದರಲ್ಲಿ ನಾಲ್ಕಾರು ಚೂರು, ನಡುನಡುವೆ ಕಪ್ಪು. ಹೊಟ್ಟೆ ಹಿಂಡದೆ ಇರುತ್ತದೆಯೇ?

ಆದರೆ ಆ ಬೆಳ್ಳಗಿನ ಗಟ್ಟಿ ಬಾಲ್ ಸತ್ತ ಎಲುಬು. ಆಪರೇಷನ್ ಆದರೂ ಕಾಯಿಲೆ ತನ್ನ ಹಂತಗಳನ್ನು ದಾಟಿಯೇ ಮುಂದೆ ಹೋಗುತ್ತದೆ. ಮೊದಲು ಬಾಲ್ ಎಕ್ಸ್‌ರೇಯಲ್ಲಿ ಹೆಚ್ಚು ಬೆಳ್ಳಗಾಗುತ್ತದೆ. ಆಮೇಲೆ ಎಲುಬು ತಿನ್ನುವ ಜೀವಕೋಶಗಳು ಸತ್ತದ್ದನ್ನು ಕರಗಿಸುತ್ತವೆ, ಅದೇ ಚೂರುಚೂರು ಕಾಣುವ ಹಂತ, ಹೆಚ್ಚುಕಡಿಮೆ ಒಂದು ವರ್ಷ. ಮೂರನೆಯದರಲ್ಲಿ ಎಲುಬು ಕಟ್ಟುವ ಜೀವಕೋಶಗಳು ಹೊಸದನ್ನು ತುಂಬುತ್ತವೆ, ಇದೇ ಎಲ್ಲಕ್ಕಿಂತ ದೀರ್ಘ. ಕೊನೆಗೆ ಬಾಲ್ ಪೂರ್ತಿ ತುಂಬುತ್ತದೆ. ಚೂರುಗಳ ನಡುವಿನ ಕಪ್ಪು ಜಾಗ ಖಾಲಿಯೂ ಅಲ್ಲ. ಅಲ್ಲಿ ಮೃದ್ವಸ್ಥಿ, ಅಂದರೆ ಇನ್ನೂ ಎಲುಬಾಗದ ಮೆತ್ತಗಿನ ಭಾಗ ಇರುತ್ತದೆ, ಎಕ್ಸ್‌ರೇಗೆ ಅದು ಕಾಣುವುದಿಲ್ಲ ಅಷ್ಟೆ. ಬಹಳ ಬೇಗ ಆಪರೇಷನ್ ಆದ ಕೆಲವು ಮಕ್ಕಳಲ್ಲಿ ಚೂರಾಗುವ ಹಂತವೇ ತಪ್ಪಿಹೋದದ್ದನ್ನು ಮಣಿಪಾಲದವರು ದಾಖಲಿಸಿದ್ದಾರೆ. ಎಲ್ಲರಿಗೂ ಹಾಗಾಗುವುದಿಲ್ಲ.

ಆದ್ದರಿಂದ ಎಕ್ಸ್‌ರೇ ತೋರಿಸಿದಾಗ "ಚಲೋ ಐತೋ ಕೆಟ್ಟೈತೋ" ಎಂದು ಕೇಳಬೇಡಿ. ಎರಡು ಮಾತು ಕೇಳಿ: ಈಗ ಯಾವ ಹಂತ? ಬಾಲ್ ಕಪ್‌ನೊಳಗೇ ಇದೆಯೇ, ಹೊರಗೆ ಸರಿದಿದೆಯೇ? ಚೂರಾಗಿದ್ದರೂ ಒಳಗೇ ಇದ್ದರೆ ಕೆಲಸ ನಡೆದಿದೆ ಎಂದರ್ಥ.

ಎಲ್ಲಾ ಸೇರಿ ಎಷ್ಟ ದಿವಸ್ರಿ?

ಡಾಕ್ಟರು ಕತ್ತರಿಸಿದ ಜಾಗ ಕೂಡಲು ಸುಮಾರು 6ರಿಂದ 12 ವಾರ. ಬಾಲ್ ಹೊಸ ಎಲುಬಿನಿಂದ ತುಂಬಲು, ಕಾಯಿಲೆ ಶುರುವಾದಾಗಿನಿಂದ ಲೆಕ್ಕ ಹಿಡಿದರೆ, 2ರಿಂದ 5 ವರ್ಷ. ತುಂಬಿದ ಬಾಲ್ ತನ್ನ ಆಕಾರ ತಿದ್ದಿಕೊಳ್ಳುವುದು ಮಗು ಎತ್ತರ ಬೆಳೆಯುವುದು ನಿಲ್ಲುವವರೆಗೆ. "ಎಲುಬು ಕೂಡೇತಿ" ಎಂದು ಡಾಕ್ಟರು ಹೇಳಿದರೆ ಅದು ಕತ್ತರಿಸಿದ ಜಾಗದ ಮಾತು, ಬಾಲ್‌ನ ಮಾತಲ್ಲ. ಇದನ್ನು ಬಾಲ್‌ನ ಮಾತೆಂದು ತಿಳಿದು ಎಷ್ಟೋ ಮನೆಯವರು ಮೂರನೇ ತಿಂಗಳಿಗೇ ಬರುವುದನ್ನು ನಿಲ್ಲಿಸಿಬಿಡುತ್ತಾರೆ.

## ಮನೆಯಲ್ಲಿ, ಶಾಲೆಯಲ್ಲಿ

ನೋವಿಲ್ಲ, ಊಟ ಮಾಡತಾನ, ಓಡಬೇಕಂತಾನ. ಹಿಡದ ಹಿಡದ ಸಾಕಾಗೇತ್ರಿ. ಬಿಟ್ಟರ ಏನಾಗತೈತಿ?

ನೋವು ಹೋಗುವುದು ಬೇರೆ, ಬಾಲ್ ಗಟ್ಟಿಯಾಗುವುದು ಬೇರೆ. ಓಡುವಾಗ, ಜಿಗಿಯುವಾಗ ಸೊಂಟದ ಕೀಲಿನ ಮೇಲೆ ಮೈಭಾರದ ಹಲವು ಪಟ್ಟು ಒತ್ತಡ ಬೀಳುತ್ತದೆ. ಬಾಲ್ ಮೆತ್ತಗಿರುವ ವರ್ಷದಲ್ಲಿ ಆ ಒತ್ತಡದ ಗುರುತು ಉಳಿದುಬಿಡಬಹುದು. ಕೆಲವು ಡಾಕ್ಟರು ಹೊಸ ಎಲುಬು ಕಾಣಿಸಿಕೊಳ್ಳುವ ತನಕ ಕಾಲಿಗೆ ಭಾರವನ್ನೇ ಬೇಡ ಎನ್ನುತ್ತಾರೆ, ಕೆಲವರು ನಡೆಯಲು ಬಿಟ್ಟು ಜಿಗಿತ ಮಾತ್ರ ಬೇಡ ಎನ್ನುತ್ತಾರೆ. ನಿಮ್ಮವರು ಹೇಳಿದ್ದನ್ನೇ ಹಿಡಿಯಿರಿ. ಪಕ್ಕದ ಬೆಡ್ಡಿನ ಮಗುವಿಗೆ ಹೇಳಿದ್ದು ನಿಮಗಲ್ಲ.

ಹುಡುಗನಿಗೂ ತಿಳಿಸಿ ಹೇಳಿ. ಏಳು ವರ್ಷದ ಮಗು ಎಕ್ಸ್‌ರೇ ತೋರಿಸಿ ಹೇಳಿದರೆ ದೊಡ್ಡವರಿಗಿಂತ ಚೆನ್ನಾಗಿ ಕೇಳುತ್ತದೆ, ಇದು ನಾನು ದಿನಾ ಕಾಣುವ ಸತ್ಯ.

ಸಾಲ್ಯಾಗ ನೆಲದ ಮ್ಯಾಲೆ ಕುಂಡ್ರಸತಾರ. ಪಾಯಖಾನಿಗೂ ಕುಕ್ಕರಗಾಲಲೇ ಕುಂಡ್ರಬೇಕು. ಏನ್ ಮಾಡೂದ್ರಿ?

ಮೊದಲ ತಿಂಗಳುಗಳಲ್ಲಿ ಎರಡೂ ಬೇಡ. ನೆಲದಿಂದ ಏಳುವಾಗ ಮಗು ಇಡೀ ಭಾರವನ್ನು ಒಂದೇ ಕಾಲಿನ ಮೇಲೆ ಹಾಕಿ ಮೈ ತಿರುಚುತ್ತದೆ. ಕೂರುವುದಕ್ಕಿಂತ ಏಳುವುದೇ ಹೆಚ್ಚು ತೊಂದರೆ. ನಲಿಕಲಿ ತರಗತಿಯ ಗುರುಗಳಿಗೆ ಡಾಕ್ಟರ ಚೀಟಿ ತೋರಿಸಿ ಒಂದು ಕುರ್ಚಿ ಕೇಳಿ. ಕಾರಣ ಗೊತ್ತಾದರೆ ಯಾವ ಗುರುಗಳೂ ಇಲ್ಲ ಎಂದದ್ದನ್ನು ನಾನು ಕೇಳಿಲ್ಲ. ಮನೆಯ ಪಾಯಖಾನೆಯ ಮೇಲೆ ಇಡುವ ನಡುವೆ ತೂತಿರುವ ಪ್ಲಾಸ್ಟಿಕ್ ಕುರ್ಚಿ ಸಿಗುತ್ತದೆ, ಅದು ಸಾಕು. ಪಾಟಿಚೀಲ ತಮ್ಮ ಹೊರಲಿ, ತಂಗಿ ಹೊರಲಿ.

ಡಾಕ್ಟರು ಒಪ್ಪಿದ ಮೇಲೆ ಕಾಲು ಅಗಲಿಸಿ ಕೂರುವುದು ಒಳ್ಳೆಯದೇ. ಬಾಲ್ ಕಪ್‌ನೊಳಗೆ ಆಳವಾಗಿ ಕೂರುವುದು ಕಾಲು ಅಗಲವಾದಾಗ.

ಯಾವ ವ್ಯಾಯಾಮ ಬಿಡಬಾರದ್ರಿ?

ಎರಡು. ಆಪರೇಷನ್ ಆದ ಕಾಲು ಮೇಲಿರುವಂತೆ ಮಗ್ಗುಲಾಗಿ ಮಲಗಿ, ಮೊಣಕಾಲು ನೆಟ್ಟಗಿಟ್ಟು ಕಾಲನ್ನು ಮೇಲಕ್ಕೆ ಎತ್ತುವುದು. ಹಿಮ್ಮಡಿ ಸ್ವಲ್ಪ ಹಿಂದಕ್ಕಿರಬೇಕು. ಮಕ್ಕಳು ಕಾಲನ್ನು ಮುಂದಕ್ಕೆ ತಂದು ಸುಲಭ ಮಾಡಿಕೊಳ್ಳುತ್ತಾರೆ, ಆಗ ಬೇಕಾದ ಸ್ನಾಯು ಕೆಲಸವನ್ನೇ ಮಾಡುವುದಿಲ್ಲ. ಎರಡನೆಯದು ದಿನಕ್ಕೆ ಒಂದಿಷ್ಟು ಹೊತ್ತು ಬೋರಲು ಮಲಗುವುದು. ಹಗಲೆಲ್ಲ ಕೂತೇ ಇರುವ ಮಗುವಿನ ಸೊಂಟದ ಮುಂಭಾಗ ಬಿಗಿಯುತ್ತದೆ, ಬೋರಲು ಮಲಗಿದರೆ ಅದು ಬಿಡುತ್ತದೆ. ಟಿವಿ ನೋಡುವ ಹೊತ್ತಿಗೆ ಇದನ್ನು ಸೇರಿಸಿಬಿಡಿ. ಸೈಕಲ್, ಈಜು ಎರಡೂ ಬಲು ಒಳ್ಳೆಯವು: ಕೀಲು ತಿರುಗುತ್ತದೆ, ಹೊಡೆತ ಬೀಳುವುದಿಲ್ಲ.

ಪಂಚಮ್ಯಾಗ ಜೋಕಾಲಿ ಆಡಬಹುದೇನ್ರಿ?

ಕತ್ತರಿಸಿದ ಜಾಗ ಕೂಡಿದ್ದರೆ ಕೂತು ಆಡಬಹುದು, ದೊಡ್ಡವರು ಮೆಲ್ಲಗೆ ತೂಗಬೇಕು. ನಿಂತು ಜೀಕುವುದು, ಓಡುವ ಜೋಕಾಲಿಯಿಂದ ಜಿಗಿಯುವುದು ಬೇಡವೇ ಬೇಡ. ಕುಂಟಾಬಿಲ್ಲೆ, ಖೋಖೋ, ಕಬಡ್ಡಿ ಬಾಲ್ ತುಂಬುವ ತನಕ ಇಲ್ಲ. ಕೇರಂ, ಚೌಕಾಬಾರ, ಕೂತು ಗಾಳಿಪಟ ಬಿಡುವುದು ಇವೆ. ಹಬ್ಬದ ದಿನ ಓಣಿಯ ಮಕ್ಕಳೆಲ್ಲ ಹೊರಗಿರುವಾಗ ಒಂದು ಮಗುವನ್ನು ಒಳಗೆ ಕೂಡಿಹಾಕಬೇಡಿ, ಆಟವನ್ನೇ ಕಟ್ಟೆಯ ಮೇಲೆ ತನ್ನಿ.

ಎಣ್ಣಿ ಹಚ್ಚಿ ತಿಕ್ಕಬಹುದೇನ್ರಿ? ಕಟ್ಟು ಕಟ್ಟಾವರು ಒಂದ ಸಲ ಎಳದ ಕೂಡಸ್ತೀನಿ ಅಂತಾರ.

ಗಾಯ ಮಾಗಿದ ಮೇಲೆ ಮೆಲ್ಲಗೆ ಎಣ್ಣೆ ಸವರಿದರೆ ಅಡ್ಡಿಯಿಲ್ಲ, ಅಜ್ಜಿಗೂ ಸಮಾಧಾನ. ಎಳೆಯಲು, ತಿರುಚಲು ಯಾರಿಗೂ ಬಿಡಬೇಡಿ. ಇದು ಜಾರಿದ ಕೀಲಲ್ಲ, ಮುರಿದ ಎಲುಬೂ ಅಲ್ಲ. ಎಳೆದು ಕೂಡಿಸಲು ಇಲ್ಲಿ ಏನೂ ಇಲ್ಲ, ಹಾಳು ಮಾಡಲು ಮಾತ್ರ ಇದೆ.

ಎಲುಬು ಬೇಗ ಬೆಳಿಯಾಕ ಏನ್ ತಿನಸಬೇಕ್ರಿ?

ಕ್ಯಾಲ್ಸಿಯಂ ಕಡಿಮೆಯಾಗಿ ಬಂದ ಕಾಯಿಲೆ ಇದಲ್ಲ. ಹಾಗಾಗಿ ಗುಳಿಗೆಯಿಂದ ಬಾಲ್ ಬೇಗ ತುಂಬುವುದಿಲ್ಲ. ಆದರೂ ಹೊಸ ಎಲುಬಿಗೆ ಸಾಮಾನು ಬೇಕು. ನಮ್ಮ ರೊಟ್ಟಿ ಜೋಳದ್ದು. 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿಲಿಗ್ರಾಂ ಕೂಡ ಇಲ್ಲ, ಅಷ್ಟೇ ರಾಗಿಯಲ್ಲಿ 300ಕ್ಕೂ ಮೇಲೆ ಇದೆ. ರೊಟ್ಟಿ ಬಿಡಬೇಡಿ, ಜೊತೆಗೆ ಹಾಲು, ಮೊಸರು, ರಾಗಿ ಗಂಜಿ, ಎಳ್ಳು, ರಾಜಗಿರಿ ಪಲ್ಲೆ ಇರಲಿ. ಬೆಳಗಿನ ಬಿಸಿಲಿನಲ್ಲಿ ಕೂರಿಸಿ.

ತೂಕದ ಬಗ್ಗೆ ನನಗೆ ಹೆಚ್ಚು ಚಿಂತೆ. ಓಡಾಟ ನಿಂತ ಮಗುವಿಗೆ ಪಾಪ ಎಂದು ಬಂದವರೆಲ್ಲ ಬಿಸ್ಕೀಟು, ಚಿಪ್ಸು, ಪೇಡೆ ತರುತ್ತಾರೆ. ಒಂದು ವರ್ಷದಲ್ಲಿ ಏರಿದ ತೂಕ ಅದೇ ಮೆತ್ತಗಿನ ಬಾಲ್‌ನ ಮೇಲೆ ಬೀಳುತ್ತದೆ. ಮನೆಯೊಳಗೆ ಬೀಡಿ, ಸಿಗರೇಟು ಸೇದುವುದೂ ನಿಲ್ಲಲಿ. ಹೊಗೆಗೂ ಈ ಕಾಯಿಲೆಗೂ ನಂಟು ಕಂಡ ಅಧ್ಯಯನಗಳಿವೆ.

## ಕುಂಟು, ಕಾಲಿನ ಉದ್ದ, ಪ್ಲೇಟು

ಆಪರೇಷನ್ ಆದ ಕಾಲು ಗಿಡ್ಡ ಆಗೇತ್ರಿ. ಹಂಗ ಉಳಿತೈತೇನು?

ತೊಡೆಎಲುಬನ್ನು ಓರೆ ಮಾಡಿದರೆ ಒಂದು ಸೆಂಟಿಮೀಟರಿನಷ್ಟು ಗಿಡ್ಡವಾಗುವುದು ಸಹಜ, ಡಾಕ್ಟರಿಗೆ ಅದು ಮೊದಲೇ ಗೊತ್ತಿರುತ್ತದೆ. ಚಿಕ್ಕ ಮಕ್ಕಳಲ್ಲಿ ಆ ಓರೆ ಬೆಳೆಯುತ್ತ ಬೆಳೆಯುತ್ತ ಬಹಳಷ್ಟು ನೆಟ್ಟಗಾಗುತ್ತದೆ. 8–9 ದಾಟಿದವರಲ್ಲಿ ಕಡಿಮೆ. ಇನ್ನೊಂದು ಸಮಾಧಾನದ ಮಾತು: ಕಾಲಿನ ಉದ್ದದ ಬೆಳವಣಿಗೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಆಗುವುದು ಮೊಣಕಾಲಿನ ಮೇಲೆ ಕೆಳಗಿನ ಬೆಳವಣಿಗೆಯ ಪಟ್ಟಿಗಳಲ್ಲಿ, ಅಂದರೆ ಎಲುಬು ಬೆಳೆಯುವ ಜಾಗಗಳಲ್ಲಿ. ಪರ್ಥಿಸ್ ಅವನ್ನು ಮುಟ್ಟುವುದಿಲ್ಲ. ಒಂದು ಸೆಂಟಿಮೀಟರಿಗೆ ಏನೂ ಬೇಡ. ಎರಡರ ಹತ್ತಿರ ಬಂದರೆ ಚಪ್ಪಲಿಯ ಹಿಮ್ಮಡಿಗೆ ದಪ್ಪ ಹಾಕಿಸುತ್ತಾರೆ. ಮೂರು ದಾಟಿದರೆ ಡಾಕ್ಟರು ಬೇರೆ ದಾರಿ ನೋಡಬೇಕಾಗಬಹುದು.

ನೋವಿಲ್ಲ, ಆದ್ರ ಇನ್ನೂ ವಾಲಿ ವಾಲಿ ನಡೀತಾಳ. ಯಾಕ್ರಿ?

ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ. ಬೆರಳ ತುದಿ ಮಾತ್ರ ಗೋಡೆಗೆ ತಾಗಿರಲಿ. ಹಿಂದೆ ಕೂತು ನಿಮ್ಮ ಎರಡೂ ಹೆಬ್ಬೆರಳನ್ನು ಅವಳ ಸೊಂಟದ ಎಲುಬಿನ ಮೇಲೆ ಇಡಿ. ಈಗ ಆಪರೇಷನ್ ಆದ ಕಾಲಿನ ಮೇಲೆ ನಿಂತು ಇನ್ನೊಂದನ್ನು ಎತ್ತಲಿ. ಎತ್ತಿದ ಕಾಲಿನ ಕಡೆಯ ಹೆಬ್ಬೆರಳು ಕೆಳಕ್ಕೆ ಇಳಿದರೆ, ನಿಂತ ಕಡೆಯ ಪಕ್ಕದ ಸ್ನಾಯು ಸೊಂಟವನ್ನು ಹಿಡಿದಿಡಲು ಸಾಕಾಗುತ್ತಿಲ್ಲ. ಜರ್ಮನಿಯ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದ ಪರೀಕ್ಷೆ ಇದು. ಇವತ್ತಿಗೂ ನಾನು ಎಲ್ಲಕ್ಕಿಂತ ಮೊದಲು ಮಾಡುವುದು ಇದನ್ನೇ.

ಕಾರಣ ಹೀಗೆ: ಬಾಲ್‌ನ ಹೊರಮಗ್ಗುಲಲ್ಲಿ, ಕೈಗೆ ಸಿಗುವ ಒಂದು ಎಲುಬಿನ ಗಂಟಿದೆ. ಪಕ್ಕದ ಸ್ನಾಯು ಅಂಟಿರುವುದು ಅದಕ್ಕೇ. ಓರೆ ಮಾಡಿದಾಗ ಆ ಗಂಟು ಮೇಲೇರುತ್ತದೆ. ಸಾಲದ್ದಕ್ಕೆ, ಕಾಯಿಲೆಯಿಂದ ಬಾಲ್‌ನ ಬೆಳವಣಿಗೆ ಕುಂಠಿತವಾದರೂ ಗಂಟು ಬೆಳೆಯುತ್ತಲೇ ಇರುತ್ತದೆ. ಸ್ನಾಯುವಿನ ಎರಡು ತುದಿ ಹತ್ತಿರವಾಗಿ ಅದರ ಹಿಡಿತ ಸಡಿಲುತ್ತದೆ. ಮಗ್ಗುಲ ವ್ಯಾಯಾಮವನ್ನು ಬಿಡದೆ ಮಾಡಿದ ಮಕ್ಕಳಲ್ಲಿ ಒಂದೆರಡು ವರ್ಷದಲ್ಲಿ ವಾಲುವುದು ಬಹಳ ಕಡಿಮೆಯಾಗುತ್ತದೆ. ಗಂಟು ತೀರಾ ಮೇಲೆ ಹೋಗಿದ್ದರೆ ಅದನ್ನು ಕೆಳಗೆ ಇಳಿಸುವ ಆಪರೇಷನ್ ಇದೆ. ಇದು ಹೀಗಾಗಬಹುದೆಂದು ಕೆಲವು ಡಾಕ್ಟರು ಮೊದಲ ಸಲವೇ ಗಂಟಿನ ಬೆಳವಣಿಗೆಯನ್ನು ತಡೆದಿರುತ್ತಾರೆ.

ರಾಡ್ ತೆಗಿಸಲೇಬೇಕೇನ್ರಿ? ಮತ್ತ ಖರ್ಚ...

ನಮ್ಮ ಕಡೆ ಎಲ್ಲಕ್ಕೂ ರಾಡ್ ಎನ್ನುತ್ತಾರೆ, ಒಳಗಿರುವುದು ಪ್ಲೇಟು. ಬೆಳೆಯುವ ಮಗುವಿನ ಎಲುಬು ವರ್ಷಗಳಲ್ಲಿ ಪ್ಲೇಟಿನ ಮೇಲೆಯೇ ಬೆಳೆದು ಅದನ್ನು ಮುಚ್ಚಿಬಿಡುತ್ತದೆ. ಮುಂದೆಂದಾದರೂ ಆ ಜಾಗದಲ್ಲಿ ಆಪರೇಷನ್ ಬೇಕಾದರೆ ತೆಗೆಯುವುದು ಬಹಳ ಕಷ್ಟ. ಅದಕ್ಕೇ ಹೆಚ್ಚಿನವರು ಒಂದೆರಡು ವರ್ಷದೊಳಗೆ ತೆಗೆಯುತ್ತಾರೆ. ತೆಗೆದ ಮೇಲೆ ಸ್ಕ್ರೂ ಇದ್ದ ತೂತುಗಳು ತುಂಬುವ ತನಕ ಕೆಲವು ವಾರ ಎಲುಬು ಅಲ್ಲಿ ದುರ್ಬಲ. ಆಗ ಜಿಗಿದು ಬಿದ್ದರೆ ಮುರಿಯಬಹುದು.

ಬಿಪಿಎಲ್ ಕಾರ್ಡಿದ್ದವರಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ನೆರವಿದೆ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗಿನ ಜಿಮ್ಸ್ ಸರ್ಕಾರದ ದೊಡ್ಡ ಆಸ್ಪತ್ರೆಗಳು. ಅಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕಂಡು ಮೊದಲ ಆಪರೇಷನ್ ಹೊತ್ತಿಗೇ ಪ್ಲೇಟು ತೆಗೆಯುವುದರ ಬಗ್ಗೆಯೂ ಕೇಳಿಟ್ಟುಕೊಳ್ಳಿ. ದುಡ್ಡಿಲ್ಲವೆಂದು ಮುಂದೂಡುತ್ತ ಬಂದು, ಎಲುಬು ಪ್ಲೇಟನ್ನು ನುಂಗಿದ ಮೇಲೆ ಬರುವವರನ್ನು ಕಂಡರೆ ಸಂಕಟವಾಗುತ್ತದೆ.

## ಇನ್ನೂ ಆಳದ ಪ್ರಶ್ನೆಗಳು

ನಮ್ಮ ಓಣ್ಯಾಗಿನ ಹುಡುಗಗ ಐದಕ್ಕ ಬಂದಿತ್ತು, ಆಪರೇಷನ್ ಇಲ್ದ ಆರಾಮಾತು. ನಮ್ಮವಗ ಒಂಬತ್ತು. ಯಾಕ ಇಷ್ಟ ಫರಕ್?

ತಿದ್ದಿಕೊಳ್ಳಲು ಉಳಿದಿರುವ ವರ್ಷಗಳದ್ದೇ ಫರಕು. ಆರರೊಳಗಿನ ಮಗುವಿಗೆ ಬಾಲ್ ತುಂಬಿದ ಮೇಲೂ ಎಂಟು-ಹತ್ತು ವರ್ಷ ಬೆಳೆಯುವುದಿರುತ್ತದೆ. ಚಿಕ್ಕವರಲ್ಲಿ ಕಪ್ ಕೂಡ ಹೊಂದಿಕೊಳ್ಳುತ್ತದೆ, ಬಾಲ್ ಕೊಂಚ ಅಗಲವಾದರೆ ಅದೂ ಅಗಲವಾಗಿ ಬೆಳೆಯುತ್ತದೆ. ಈ ಗುಣ ಎಂಟರ ನಂತರ ಕುಗ್ಗುತ್ತ, ಕಪ್‌ನ ನಡುವಿನ ಬೆಳವಣಿಗೆಯ ಪಟ್ಟಿ ಮುಚ್ಚಿದಾಗ ನಿಲ್ಲುತ್ತದೆ. ಹೆಣ್ಣುಮಕ್ಕಳಲ್ಲಿ ಇದು ಗಂಡುಮಕ್ಕಳಿಗಿಂತ ಮೊದಲು, ಆದ್ದರಿಂದ ಒಂದೇ ವಯಸ್ಸಿನ ಹುಡುಗಿಗೆ ಹುಡುಗನಿಗಿಂತ ಕಾಲಾವಕಾಶ ಕಡಿಮೆ. ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನೇ ಮತ್ತೆ ಕಟ್ಟಿಕೊಳ್ಳುತ್ತದೆಂದು ಜರ್ಮನಿಯ ಡಾಕ್ಟರ್ ಯೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು. ಮಕ್ಕಳಲ್ಲಿ ಅದರ ಜೊತೆಗೆ ಬೆಳವಣಿಗೆಯೂ ಸೇರುತ್ತದೆ, ಅದಕ್ಕೇ ದೊಡ್ಡವರಲ್ಲಿ ಆಗದ್ದು ಅವರಲ್ಲಿ ಆಗುತ್ತದೆ.

ಬಾಲ್ ತುಂಬೇತಿ, ಆದ್ರ ದೊಡ್ಡದಾಗೇತಿ, ಪೂರ್ತಿ ದುಂಡಗಿಲ್ಲ ಅಂದ್ರು. ಮುಂದ ಹೆಂಗ?

ಬೆಳವಣಿಗೆ ಮುಗಿದಾಗ ಬಾಲ್, ಕಪ್ ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದರ ಮೇಲೆ ಅಮೆರಿಕದ ಡಾಕ್ಟರ್ ಸ್ಟಲ್‌ಬರ್ಗ್ 1981ರಲ್ಲಿ ಐದು ವರ್ಗ ಮಾಡಿದರು. ಒಂದನೆಯದು ಮಾಮೂಲಿ ಬಾಲ್. ಎರಡನೆಯದು ದೊಡ್ಡದು, ಆದರೆ ದುಂಡಗೆ. ಈ ಎರಡೂ ವರ್ಗದವರಿಗೆ ಮುಂದೆ ಕೀಲು ಸವೆಯುವ ಭಯ ಕಡಿಮೆ. ಮೂರರಲ್ಲಿ ಬಾಲ್ ಮೊಟ್ಟೆಯಾಕಾರ, ನಾಲ್ಕರಲ್ಲಿ ಚಪ್ಪಟೆ, ಆದರೂ ಕಪ್ ಅದಕ್ಕೆ ತಕ್ಕಂತೆ ಬೆಳೆದಿರುತ್ತದೆ. ಇವರಿಗೆ ಸವೆತ ಬಂದರೂ ನಡುವಯಸ್ಸು ದಾಟಿದ ಮೇಲೆ. ಐದನೆಯದರಲ್ಲಿ ಚಪ್ಪಟೆ ಬಾಲ್, ದುಂಡು ಕಪ್; ಹೊಂದಿಕೆಯೇ ಇಲ್ಲದ್ದರಿಂದ ಐವತ್ತರೊಳಗೇ ಸವೆಯುತ್ತದೆ. ಅಂದರೆ ದೊಡ್ಡದಾಗಿದೆ ಎಂಬ ಮಾತಿಗೇ ಹೆದರಬೇಕಿಲ್ಲ. ಹೊಂದಿಕೊಂಡಿದೆಯೇ ಎಂದು ಕೇಳಿ. ಬೆಳವಣಿಗೆ ಬಾಕಿಯಿದ್ದರೆ ಇವತ್ತಿನ ಎಕ್ಸ್‌ರೇ ಕೊನೆಯ ಮಾತೂ ಅಲ್ಲ.

ಮೊದಲ ಕಾಲು ಚಲೋ ಅಗಲಾಗತಿತ್ತು. ಈಗ ಅಗಲ ಮಾಡಿದ್ರ ತಡೀತೈತಿ, ನೋವಂತಾನ.

ಇದಕ್ಕೆ ಮುಂದಿನ ತಾರೀಖಿನ ತನಕ ಕಾಯಬೇಡಿ. ಬಾಲ್‌ನ ಹೊರಭಾಗ ಉಬ್ಬಿ ಕಪ್‌ನ ಅಂಚಿಗೆ ತಗುಲುತ್ತಿರಬಹುದು. ಆಗ ಕಾಲು ಅಗಲಿಸಿದರೆ ಬಾಲ್ ಒಳಗೆ ತಿರುಗುವ ಬದಲು ಅಂಚಿನ ಮೇಲೆ ಮೀಟಿದಂತಾಗುತ್ತದೆ, ಪ್ರತಿ ಸಲವೂ ಅದೇ ಜಾಗಕ್ಕೆ ಪೆಟ್ಟು. ಹೀಗಿದ್ದಾಗ ಒತ್ತಾಯದಿಂದ ಕಾಲು ಅಗಲಿಸುವ ವ್ಯಾಯಾಮ ಹಾನಿ ಮಾಡುತ್ತದೆ, ನಿಲ್ಲಿಸಿ. ಬರೀ ಸ್ನಾಯು ಬಿಗಿದಿದ್ದರೂ ಹೀಗೇ ಕಾಣುತ್ತದೆ. ಯಾವುದು ಎಂಬುದನ್ನು ಡಾಕ್ಟರು ಅರಿವಳಿಕೆ ಕೊಟ್ಟು ಕೀಲಿನೊಳಗೆ ಬಣ್ಣದ ಔಷಧ ಹಾಕಿ ಎಕ್ಸ್‌ರೇಯಲ್ಲಿ ನೋಡಿ ತಿಳಿಯುತ್ತಾರೆ. ಅಂಚು ತಗುಲುತ್ತಿದ್ದರೆ ತೊಡೆಎಲುಬನ್ನು ಮೊದಲಿನದಕ್ಕೆ ತಿರುಗುಮುರುಗಾಗಿ, ಹೊರಕ್ಕೆ ಓರೆ ಮಾಡುವ ಆಪರೇಷನ್ ಬೇಕಾಗಬಹುದು.

ಎಲುಬು ಗಟ್ಟಿ ಮಾಡೋ ಇಂಜೆಕ್ಷನ್ ಐತಂತಲ್ರಿ?

ಎಲುಬು ಕರಗುವುದನ್ನು ನಿಧಾನಿಸುವ ಔಷಧಗಳಿವೆ, ಪರ್ಥಿಸ್‌ಗೂ ಅವನ್ನು ಪರೀಕ್ಷಿಸುತ್ತಿದ್ದಾರೆ. ಇನ್ನೂ ವಾಡಿಕೆಯ ಚಿಕಿತ್ಸೆಯಾಗಿಲ್ಲ. ಕರಗುವುದನ್ನು ತಡೆದರೆ ಸಾಲದು, ಹೊಸದೂ ಬೆಳೆಯಬೇಕು, ತೊಡಕಿರುವುದು ಅಲ್ಲೇ. ಲಕ್ಷಗಟ್ಟಲೆ ಕೇಳಿ ಗ್ಯಾರಂಟಿ ಕೊಡುವವರಿಗಾಗಿ ಹೊಲ ಒತ್ತೆಯಿಡಬೇಡಿ.

ಇನ್ನೊಂದ ಕಾಲಿಗೂ ಬರತೈತೇನ್ರಿ?

ನೂರರಲ್ಲಿ ಹತ್ತು-ಹನ್ನೆರಡು ಮಕ್ಕಳಿಗೆ ಬರುತ್ತದೆ, ಸಾಮಾನ್ಯವಾಗಿ ಹಿಂದೆ ಮುಂದೆ. ಎರಡೂ ಕಡೆ ಒಂದೇ ಸಲ, ಒಂದೇ ಥರ ಕಂಡರೆ ಅದು ಪರ್ಥಿಸ್ ಅಲ್ಲದೆಯೂ ಇರಬಹುದು: ಹುಟ್ಟಿನಿಂದ ಬಂದ ಎಲುಬಿನ ಬೆಳವಣಿಗೆಯ ತೊಂದರೆ, ಥೈರಾಯ್ಡ್ ಕೊರತೆ, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ. ಅವಕ್ಕೆ ರಕ್ತಪರೀಕ್ಷೆ, ಬೇರೆ ಕೀಲುಗಳ ಎಕ್ಸ್‌ರೇ ಬೇಕು.

ಹುಡುಗಿ ಐತ್ರಿ. ಮುಂದ ಮದುವಿ, ಹೆರಿಗಿ?

ಪರ್ಥಿಸ್ ಗರ್ಭಕೋಶಕ್ಕೆ ಸಂಬಂಧಪಟ್ಟದ್ದಲ್ಲ, ಮಕ್ಕಳಾಗಲು ಅಡ್ಡಿಯಿಲ್ಲ. ಸೊಂಟದ ಎಲುಬಿಗೇ ಆಪರೇಷನ್ ಆಗಿದ್ದರೆ, ಕಾಲು ಅಗಲಿಸುವುದು ಕಡಿಮೆಯಿದ್ದರೆ, ಬಸುರಿಯಾದಾಗ ಹೆರಿಗೆ ಡಾಕ್ಟರಿಗೆ ಹಳೆಯ ಕಾಗದ ತೋರಿಸಿದರಾಯಿತು. ಹುಡುಗನಿಗಾದರೆ ಯಾವ ಕೆಲಸ ಮಾಡಬಹುದೆಂದು ಮೊದಲು ಕೇಳುತ್ತಾರೆ, ಹುಡುಗಿಗಾದರೆ ಮದುವೆ. ಅವಳಿಗೂ ಓದು, ಕೆಲಸ ಇದೆ. ಕೂತು ಮಾಡುವ, ನಡೆದಾಡುವ ಎಲ್ಲ ಕೆಲಸಕ್ಕೂ ಇವರು ಸಮರ್ಥರು. ದಿನವಿಡೀ ಭಾರ ಹೊರುವ ಕೆಲಸ ಮಾತ್ರ ಬೇಡ.

ಈಗ ಹದಿನೈದಾತು. ಇನ್ನೂ ತೋರಸಬೇಕೇನ್ರಿ?

ಎತ್ತರ ಬೆಳೆಯುವುದು ನಿಲ್ಲುವ ತನಕ ವರ್ಷಕ್ಕೊಮ್ಮೆ ಹೌದು. ಆಮೇಲೆ ತೊಡೆಸಂದಿಯಲ್ಲಿ ನೋವು, ಬಹಳ ಹೊತ್ತು ಕೂತರೆ ಹಿಡಿದಂತಾಗುವುದು, ಕೀಲು ಕಟಕ್ ಎಂದು ಸಿಕ್ಕಿಕೊಳ್ಳುವುದು ಇದ್ದರೆ ತೋರಿಸಿ. ಬಾಲ್‌ನ ಉಬ್ಬು ಕಪ್‌ಗೆ ತಗುಲುತ್ತಿದ್ದರೆ ಅದನ್ನು ಕೆತ್ತಿ ಸರಿಮಾಡುವ ಆಪರೇಷನ್ ಇದೆ. ಮೊದಲ ದಿನದಿಂದ ಇವತ್ತಿನ ತನಕದ ಎಕ್ಸ್‌ರೇಗಳನ್ನು ತಾರೀಖು ಬರೆದು, ಮಡಿಸದೆ, ಒಂದೇ ಚೀಲದಲ್ಲಿ ಇಡಿ. ಮೊಬೈಲಿನಲ್ಲಿ ಫೋಟೋ ತೆಗೆದು ಮಗುವಿನ ಹೆಸರಿನಲ್ಲಿ ಇನ್ನೊಂದು ಪ್ರತಿಯೂ ಇರಲಿ. ಮೂವತ್ತರಲ್ಲೋ ನಲವತ್ತರಲ್ಲೋ ಬೇರೆ ಊರಿನ ಡಾಕ್ಟರ ಮುಂದೆ ಕೂತಾಗ ಅವರು ಮೊದಲು ಕೇಳುವುದು ಅವನ್ನೇ.